ಹೆರಿಗೆಯ ಕೋಣೆಯಲ್ಲಿ ದುಡಿಯುವವಳ ಸಂಬಳವೂ ಭಾರವೂ



ಕಳೆದ ಸುಗ್ಗಿಯ ದಿನಗಳಲ್ಲಿ ಒಂದು ಹಳ್ಳಿಯ ಹಿರಿಯರೊಬ್ಬರು ನನ್ನನ್ನು ತಮ್ಮ ಮನೆಯ ಜಗಲಿಯ ಮೇಲೆ ಕೂಡ್ರಿಸಿ ಒಂದು ಪ್ರಶ್ನೆಯನ್ನು ಕೇಳಿದರು. ಅವರ ಸೊಸೆಗೆ ಪಟ್ಟಣದ ಆಸ್ಪತ್ರೆಯಲ್ಲಿ ಚೊಚ್ಚಲು ಹೆರಿಗೆಯಾಗಿ, ತಾಯಿಯೂ ಕೂಸೂ ಮನೆಗೆ ಬಂದು ಹದಿನೈದು ದಿನಗಳಾಗಿದ್ದವು. ಹೆರಿಗೆಯು ಸುಲಭವಾದದ್ದಾಗಿರಲಿಲ್ಲ. ಕೂಸು ಹುಟ್ಟಿದಾಗ ಅಳಲಿಲ್ಲ. ದಾದಿಯು ಅದನ್ನು ಒರಸಿ, ಬೆನ್ನನ್ನು ತಿಕ್ಕಿ, ಮೂಗುಬಾಯಿಗೆ ಚೀಲದಂಥ ಸಾಧನವನ್ನಿಟ್ಟು ಗಾಳಿಯನ್ನು ಒತ್ತಿ, ಅದನ್ನು ಅಳಿಸಿದಳು. ಆ ಮೇಲೆ ತಾಯಿಗೆ ರಕ್ತವು ಮಿತಿ ಮೀರಿ ಹೋಗತೊಡಗಲು ಅವಳೇ ಅದನ್ನು ನಿಲ್ಲಿಸಿದಳು. ಆದರೆ ಅದೇ ದಾದಿಯು ಬೇನೆಯ ಹೊತ್ತಿನಲ್ಲಿ ಆ ಹುಡುಗಿಯ ತೊಡೆಗೆ ಎರಡು ಏಟು ಹಾಕಿ, ಬಾಯಿಗೆ ತರಬಾರದ ಮಾತನ್ನೂ ಆಡಿದ್ದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದ ಆಯಾ, ಕೈಗೆ ಹಣ ಬೀಳುವ ತನಕ ಅದನ್ನು ಅಜ್ಜಿಯ ಮಡಿಲಿಗೆ ಕೊಡಲಿಲ್ಲ.

"ಉಪದೇಶಿಗಳೇ, ಎರಡು ಜೀವ ಉಳಿಸಿದವಳು ಎಂದು ಅವಳನ್ನು ಹರಸಬೇಕೋ, ನನ್ನ ಸೊಸೆಯನ್ನು ಹೊಡೆದವಳು ಎಂದು ಶಪಿಸಬೇಕೋ? ಒಬ್ಬಳೇ ಹೆಂಗಸು ಒಂದೇ ತಾಸಿನಲ್ಲಿ ಒಳ್ಳೆಯವಳೂ ಕೆಟ್ಟವಳೂ ಆಗುವದು ಹೇಗೆ?" ಎಂದು ಅವರು ಕೇಳಿದರು.

ನಾನು ಅವಸರಪಟ್ಟು, ಅವಳು ಒಳ್ಳೆಯವಳೇ, ಆದರೆ ದಣಿದಿದ್ದಾಳು ಎಂದು ಉತ್ತರ ಕೊಟ್ಟೆನು. ಹಿರಿಯರು ಒಪ್ಪಲಿಲ್ಲ. "ನಾನೂ ಹೊಲದಲ್ಲಿ ದಣಿಯುತ್ತೇನೆ. ದಣಿದಾಗ ಎತ್ತಿಗೆ ಬಾರುಕೋಲಿನಿಂದ ಹೊಡೆಯುತ್ತೇನೆ, ಅದೂ ತಪ್ಪೇ. ಆದರೆ ನನ್ನ ಸೊಸೆ ಎತ್ತಲ್ಲವಲ್ಲಾ" ಅಂದರು. ಈ ಮಾತಿಗೆ ನನ್ನಲ್ಲಿ ಮರುಮಾತು ಇರಲಿಲ್ಲ. ನನ್ನ ತಂಗಿಯು ಹತ್ತೊಂಬತ್ತು ವರುಷಗಳಿಂದ ಹೆರಿಗೆಯ ಕೋಣೆಯಲ್ಲಿ ದುಡಿಯುತ್ತಾಳೆ. ಮನೆಗೆ ಬಂದ ಮೇಲೆ ಈ ಪ್ರಶ್ನೆಯನ್ನು ಅವಳ ಮುಂದೆ ಇಟ್ಟೆನು. ಅವಳಿಂದ ಕೇಳಿ ತಿಳಿದದ್ದನ್ನೂ ನಾನು ಓದಿ ಯೋಚಿಸಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ಅವಳ ಕೆಲಸವು ಎಂಥದ್ದೆಂದು ತಿಳಿಯದೆ ನ್ಯಾಯ ಹೇಳಬಾರದು. ಗಂಡಸರಾದ ನಾವು ಬಾಗಿಲಿನ ಹೊರಗೆ ನಿಂತು ಕೂಗನ್ನು ಕೇಳುತ್ತೇವಲ್ಲದೆ ಒಳಗಿನದನ್ನು ಅರಿಯೆವು. ಹೆರಿಗೆ ಮಾಡಿಸುವದೆಂದರೆ ಕೂಸನ್ನು ಹಿಡಿದೆಳೆಯುವದೆಂದು ಹಲವರು ಎಣಿಸಿದ್ದಾರೆ. ಹಾಗಲ್ಲ. ಆ ಕೆಲಸದ ಬಹು ಪಾಲು ಕಾಯುವದೇ. ಬೇನೆಯು ಬಲಿಯುವ ತನಕ ಅರ್ಧ ತಾಸಿಗೊಮ್ಮೆಯೂ, ಕೂಸು ಹೊರಗೆ ಬರುವ ಹೊತ್ತು ಹತ್ತಿರವಾದಾಗ ಐದು ನಿಮಿಷಕ್ಕೊಮ್ಮೆಯೂ ಹೊಟ್ಟೆಯೊಳಗಿನ ಶಿಶುವಿನ ಎದೆಬಡಿತವನ್ನು ಕೇಳಬೇಕು. ತಾಯಿಯ ನಾಡಿಯನ್ನೂ ರಕ್ತದ ಒತ್ತಡವನ್ನೂ ನೋಡಿ, ಗರ್ಭದ ಬಾಯಿ ಎಷ್ಟು ತೆರೆದಿದೆಯೆಂಬದನ್ನು ಒಂದು ಪಟದಲ್ಲಿ ಗೆರೆಯಾಗಿ ಗುರುತಿಸಬೇಕು. ಆ ಗೆರೆಯು ಏರದೆ ನಿಂತರೆ ವೈದ್ಯರನ್ನು ಕರೆಯಬೇಕು; ಏರುತ್ತಿದ್ದರೆ ಕೈ ಕಟ್ಟಿ ತಾಳಬೇಕು. ತಾಳುವದೇ ಕಷ್ಟವೆಂದು ನನ್ನ ತಂಗಿಯು ಹೇಳುತ್ತಾಳೆ. ಯಾಕಂದರೆ ಬೇನೆ ತಿನ್ನುವವಳು ಏನಾದರೂ ಮಾಡಿರೆಂದು ಗೋಗರೆಯುತ್ತಾಳೆ, ಹೊರಗೆ ನಿಂತವರು ಬಾಗಿಲು ಬಡಿಯುತ್ತಾರೆ, ಆದರೆ ಆಗ ಮಾಡತಕ್ಕದ್ದು ಏನೂ ಇರುವದಿಲ್ಲ.

ಕೂಸು ಹುಟ್ಟಿದ ಕೂಡಲೆ ಕಾಲವು ತಲೆಕೆಳಗಾಗುತ್ತದೆ. ಹನ್ನೆರಡು ತಾಸು ಮೆಲ್ಲಗೆ ನಡೆದ ಹೊತ್ತು ಈಗ ನಿಮಿಷದ ಲೆಕ್ಕಕ್ಕೆ ಬರುತ್ತದೆ. ಒಂದು ನಿಮಿಷದೊಳಗೆ ಕೂಸು ಉಸಿರಾಡಬೇಕು. ಅದೇ ನಿಮಿಷದೊಳಗೆ ಗರ್ಭವು ಬಿಗಿಯುವ ಹಾಗೆ ತಾಯಿಯ ತೊಡೆಗೆ ಆಕ್ಸಿಟೋಸಿನ್ ಎಂಬ ಔಷಧವನ್ನು ೧೦ ಯೂನಿಟ್ ಚುಚ್ಚಬೇಕು. ಮಾಸು ಬಿಟ್ಟ ಜಾಗದಲ್ಲಿ ರಕ್ತನಾಳಗಳು ತೆರೆದ ಬಾಯಿಗಳ ಹಾಗೆ ಇರುತ್ತವೆ. ಗರ್ಭದ ಸ್ನಾಯುಗಳು ಮುಷ್ಟಿಯಂತೆ ಬಿಗಿದುಕೊಂಡರೆ ಮಾತ್ರ ಅವು ಮುಚ್ಚುತ್ತವೆ. ಬಿಗಿಯದೆ ಹೋದರೆ ಆರೋಗ್ಯವಂತಳಾದ ಹೆಂಗಸೂ ಒಂದೆರಡು ತಾಸುಗಳಲ್ಲಿ ರಕ್ತ ಸೋರಿ ಸಾಯಬಹುದು. ಅರ್ಧ ಲೀಟರು ದಾಟಿತೆಂದರೆ ಅಪಾಯದ ಗುರುತು. ಆದರೆ ಬಟ್ಟೆಯಲ್ಲಿ ಹೀರಿದ, ನೆಲಕ್ಕೆ ಚೆಲ್ಲಿದ ರಕ್ತವನ್ನು ಕಣ್ಣಳತೆಯಿಂದ ಅಳೆಯುವದು ನುರಿತವಳಿಗೂ ಕಠಿಣ. ಕೀನ್ಯ, ನೈಜೀರಿಯ, ದಕ್ಷಿಣ ಆಫ್ರಿಕ, ತಾಂಜಾನಿಯ ಈ ನಾಲ್ಕು ದೇಶಗಳ ೮೦ ಆಸ್ಪತ್ರೆಗಳಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲವು ೨೦೨೩ರಲ್ಲಿ ಪ್ರಕಟವಾಯಿತು. ತಾಯಿಯ ಕೆಳಗೆ ಅಳತೆಯ ಗೆರೆಗಳುಳ್ಳ ಒಂದು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ರಕ್ತವು ಗೆರೆ ಮುಟ್ಟಿದ ಕೂಡಲೆ ಎಲ್ಲಾ ಉಪಚಾರಗಳನ್ನು ಒಟ್ಟಿಗೆ ಮಾಡಿದ್ದರಿಂದ ಘೋರವಾದ ರಕ್ತಸ್ರಾವವೂ ಅದರ ಕೆಟ್ಟ ಫಲಗಳೂ ನೂರಕ್ಕೆ ೬೦ರಷ್ಟು ಕಡಿಮೆಯಾದವು. ಅಳತೆಯ ಒಂದು ಹಾಳೆಯೂ ಅದನ್ನು ನೋಡುತ್ತಾ ಕೂಡ್ರುವ ಒಂದು ಜೊತೆ ಕಣ್ಣುಗಳೂ ಇಷ್ಟನ್ನು ಮಾಡಬಲ್ಲವು. ಆದರೆ ಆ ಕಣ್ಣುಗಳು ಅದೇ ಹೊತ್ತಿನಲ್ಲಿ ಇನ್ನೆರಡು ಮಂಚಗಳನ್ನು ನೋಡಬೇಕಾದರೆ ಗತಿಯೇನು?

ಇಲ್ಲಿಂದಲೇ ಭಾರದ ಮಾತು ಆರಂಭವಾಗುತ್ತದೆ. ಹಿಂದಿನ ಕಾಲದ ಸೂಲಗಿತ್ತಿಗೆ ಒಂದು ಹೊತ್ತಿಗೆ ಒಬ್ಬಳೇ ಬಸುರಿ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವು ಕೇಳಿದ್ದೀರಿ. ಹದಿನೈದು ಸಾವಿರ ಹೆರಿಗೆಗಳನ್ನು ಕೂಲಿಯನ್ನು ಬೇಡದೆ ಮಾಡಿಸಿದರೆಂದು ಹೇಳುವ ಆ ತಾಯಿಗೆ ೨೦೧೮ರಲ್ಲಿ ಪದ್ಮಶ್ರೀ ಪದವಿಯು ದೊರೆಯಿತು. ಅದೇ ವರುಷದ ದಶಂಬರದಲ್ಲಿ ಅವರು ತೀರಿಹೋದರು. ಅಂಥವಳು ಮನೆಗೆ ಬಂದು ಕೂತರೆ ಹೆರಿಗೆಯಾಗುವ ತನಕ ಏಳಳು. ಹೆರುವವಳ ಹೆಸರನ್ನೂ ಅವಳ ಅವ್ವನ ಹೆಸರನ್ನೂ ಬಲ್ಲಳು. ಆಸ್ಪತ್ರೆಯ ದಾದಿಗೆ ಈ ಭಾಗ್ಯವಿಲ್ಲ. ಹಾಗೆಂದು ಹಿಂದಿನ ಕಾಲವೇ ಒಳ್ಳೆಯದೆಂದು ಯಾರೂ ನೆನಸಬಾರದು. ಭಾರತದಲ್ಲಿ ೨೦೦೧–೦೩ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗಳಿಗೆ ೩೦೧ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ಲೆಕ್ಕದಲ್ಲಿ ಅದು ೯೭ಕ್ಕೆ ಇಳಿಯಿತು. ಕರ್ನಾಟಕದಲ್ಲಿ ೨೨೮ ಇದ್ದದ್ದು ೬೯ ಆಯಿತು. ಸಂಖ್ಯೆಯ ಈ ಇಳಿತದಲ್ಲಿ ನಮ್ಮ ಊರುಗಳ ಹೆಣ್ಣುಮಕ್ಕಳ ಮುಖಗಳಿವೆ. ಆದರೆ ೨೦೦೫ರಲ್ಲಿ ಸರಕಾರವು ಜನನಿ ಸುರಕ್ಷಾ ಯೋಜನೆಯನ್ನು ತಂದು, ಆಸ್ಪತ್ರೆಯಲ್ಲಿ ಹೆರುವವರಿಗೆ ಹಣವನ್ನು ಕೊಡತೊಡಗಿದ ಮೇಲೆ, ದೇಶದಲ್ಲಿ ಆಸ್ಪತ್ರೆಯ ಹೆರಿಗೆಗಳು ನೂರಕ್ಕೆ ೩೯ರಷ್ಟು ಇದ್ದದ್ದು ೨೦೧೯–೨೧ರ ಹೊತ್ತಿಗೆ ೮೯ರಷ್ಟಾದವು. ಮಂಚಗಳು ತುಂಬಿದ ವೇಗದಲ್ಲಿ ಕೈಗಳು ಹೆಚ್ಚಲಿಲ್ಲವೆಂಬದನ್ನು ಹೆರಿಗೆಯ ಕೋಣೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಹೇಳಿಕೊಡಬೇಕಾದದ್ದಿಲ್ಲ.

ಇನ್ನೊಂದು ಹಳೆಯ ಕಾರಣವೂ ಉಂಟು, ಅದನ್ನು ಹೇಳದೆ ಬಿಡಲಾರೆನು. ನಮ್ಮ ದೇಶದಲ್ಲಿ ಹೆರಿಗೆಯ ರಕ್ತವು ಮೈಲಿಗೆ. ಅದನ್ನು ಮುಟ್ಟುವವಳು ಕೀಳಾದವಳೆಂದು ಎಣಿಸಿ, ಹೊಕ್ಕುಳಬಳ್ಳಿಯನ್ನು ಕೊಯ್ಯುವ ಕೆಲಸವನ್ನು ಕೀಳೆನಿಸಿಕೊಂಡ ಜಾತಿಯ ಹೆಂಗಸರಿಗೆ ಬಿಟ್ಟು, ಅವರನ್ನು ಒಂದು ಸೀರೆ, ಒಂದು ಮೊರ ಅಕ್ಕಿಯಿಂದ ಕಳುಹಿಸುತ್ತಿದ್ದರು. ೧೮೮೫ರಲ್ಲಿ ಡಫರಿನ್ ದೊರೆಸಾನಿಯವರ ಹೆಸರಿನ ನಿಧಿಯು ಹುಟ್ಟಿ ಹೆಂಗಸರಿಗಾಗಿ ಆಸ್ಪತ್ರೆಗಳು ಎದ್ದಾಗಲೂ ಆ ಕೆಲಸಕ್ಕೆ ಮರ್ಯಾದಸ್ಥರ ಮನೆಯಿಂದ ಹುಡುಗಿಯರು ಬರಲು ಹಿಂಜರಿಯುತ್ತಿದ್ದರು. ನಮ್ಮ ಸಭೆಗಳ ಹೆಣ್ಣುಮಕ್ಕಳು ಬಹು ಕಾಲದ ತನಕ ಆ ಬಾಗಿಲಿನಲ್ಲಿ ಮುಂದಾಗಿ ನಿಂತದ್ದಕ್ಕೆ ಇದೂ ಒಂದು ಕಾರಣ. ಮೈಲಿಗೆಯ ಮಾತು ಈಗ ಬಾಯಲ್ಲಿ ಕಡಿಮೆಯಾಗಿದೆ, ಆದರೆ ಸಂಬಳದ ಚೀಟಿಯಲ್ಲಿ ಇನ್ನೂ ಇದೆ. ಗುತ್ತಿಗೆಯ ಮೇಲೆ ದುಡಿಯುವ ದಾದಿಗೂ ಆಯಾಳಿಗೂ ಏನು ದೊರೆಯುತ್ತದೆಂದು ಒಮ್ಮೆ ವಿಚಾರಿಸಿರಿ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಭಾರವು ಏಟಿಗೆ ನೆವವಾಗುವದೋ?

ನನ್ನ ತಂಗಿಯು ನನ್ನಿಂದ ಮುಚ್ಚಿಡದೆ ಹೇಳಿದ್ದನ್ನು ಅವಳ ಅಪ್ಪಣೆಯಿಂದ ಬರೆಯುತ್ತೇನೆ. ಅವಳು ಕೆಲಸಕ್ಕೆ ಸೇರಿದ ಆರನೆಯ ವರುಷದಲ್ಲಿ, ಒಂದು ರಾತ್ರಿ, ಮೂರು ಮಂದಿಗೆ ಒಟ್ಟಿಗೆ ಬೇನೆ ಬಂದಿತ್ತು. ಅವಳ ಸಂಗಡ ಒಬ್ಬ ಆಯಾ ಮಾತ್ರ. ಒಬ್ಬಳಿಗೆ ರಕ್ತವು ನಿಲ್ಲದಿರಲು ಇವಳು ಅಲ್ಲಿ ಕೈಯನ್ನು ಒತ್ತಿ ಹಿಡಿದಿದ್ದಾಗ, ಪಕ್ಕದ ಮಂಚದ ಹತ್ತೊಂಬತ್ತರ ಹುಡುಗಿಯು ಭಯದಿಂದ ಎದ್ದು ಕೆಳಗಿಳಿಯಲು ನೋಡಿದಳು. ಕೂಸಿನ ತಲೆ ಕಾಣಿಸಿತ್ತು. ನನ್ನ ತಂಗಿಯು ಓಡಿ ಹೋಗಿ ಅವಳನ್ನು ಹಿಂದಕ್ಕೆ ದಬ್ಬಿ, ಕೆನ್ನೆಗೆ ಹೊಡೆದು, ಮಲಗುವಾಗ ಸುಖವಾಗಿತ್ತಲ್ಲಾ ಎಂಬ ಅರ್ಥದ ಹೀನವಾದ ಮಾತನ್ನು ಆಡಿದಳು. ಆ ರಾತ್ರಿ ಮೂವರು ತಾಯಂದಿರೂ ಮೂರು ಕೂಸುಗಳೂ ಬದುಕಿದರು. ಬೆಳಿಗ್ಗೆ ವೈದ್ಯರು ಬಂದು ಇವಳನ್ನು ಹೊಗಳಿದರು. ಏಟಿನ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ. ಇವಳೂ ಅದನ್ನು ಮರೆತಳು.

ಮೂರು ವರುಷಗಳಾದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿಯನ್ನು ೧೦೮ರ ಬಂಡಿಯಲ್ಲಿ ತಂದರು. ಎರಡನೆಯ ಕೂಸು ಮನೆಯಲ್ಲಿಯೇ ಹುಟ್ಟಿತ್ತು, ಮಾಸು ಬಿದ್ದಿರಲಿಲ್ಲ, ಮೈಯಲ್ಲಿ ರಕ್ತವಿರಲಿಲ್ಲ. ಆಸ್ಪತ್ರೆಯು ಊರಿಗೆ ಹನ್ನೆರಡು ಮೈಲು, ರಸ್ತೆಯೂ ಚೆನ್ನಾಗಿದೆ. ಯಾಕೆ ತಡಮಾಡಿದಿರೆಂದು ಅತ್ತೆಯನ್ನು ಗದರಿಸಲು, ಅವಳು, "ನಾವೇನು ಮಾಡೋಣ ಸಿಸ್ಟರಮ್ಮಾ, ಅಲ್ಲಿಗೆ ಮಾತ್ರ ಬರುವದಿಲ್ಲವೆಂದು ಕಂಬ ಹಿಡಿದು ಕೂತಳು" ಅಂದಳು. ರಕ್ತವನ್ನು ಕೊಟ್ಟರು, ಹುಡುಗಿಯು ಉಳಿದಳು. ಮರುದಿನ ನನ್ನ ತಂಗಿಯು ಅವಳ ಮಂಚದ ಬಳಿ ನಿಂತು, ಅಂದು ಹೊಡೆದವಳು ನಾನೇ, ನನ್ನನ್ನು ಕ್ಷಮಿಸು ಎಂದು ಕೇಳಿದಳು. ಅವಳು ಗೋಡೆಯ ಕಡೆಗೆ ತಿರುಗಿ, ಕೂಸನ್ನು ಬೇರೆ ಯಾರಾದರೂ ಒರಸಲಿ ಎಂದು ಮಾತ್ರ ಅಂದಳು.

"ಅಣ್ಣಾ, ಅಂದು ನನ್ನ ಕೈಯಲ್ಲಿ ಮೂರು ಹೆರಿಗೆಯಿದ್ದದ್ದು ನಿಜ. ಆ ಮೂರನ್ನು ಒಬ್ಬಳ ಮೇಲೆ ಹೊರಿಸಿದವರು ಉತ್ತರ ಕೊಡಲಿ. ಆದರೆ ಆ ಮಾತನ್ನು ಆಡು ಎಂದು ನನಗೆ ಯಾರೂ ಹೇಳಲಿಲ್ಲ" ಎಂದು ನನ್ನ ತಂಗಿಯು ಹೇಳಿದಳು.

ನನ್ನ ಮಟ್ಟಿಗೆ ಈ ಪ್ರಶ್ನೆಯ ಕೀಲು ಇದರಲ್ಲಿಯೇ ಇದೆ. ಭಾರವು ಮನುಷ್ಯನ ಬಲವನ್ನು ತಿನ್ನುತ್ತದೆ. ಅವನು ಮಾಡಬೇಕಾದದ್ದನ್ನು ಮಾಡದೆ ಬಿಟ್ಟರೆ ಆ ಬಿಟ್ಟದ್ದರಲ್ಲಿ ಬಹು ಪಾಲು ಹೊರಿಸಿದವರದು. ಒಬ್ಬಳೇ ದಾದಿಯು ಮೂರನೆಯವಳ ನಾಡಿಯನ್ನು ನೋಡದೆ ಹೋದರೆ ನಾನು ಅವಳನ್ನು ದೂರೆನು. ಆದರೆ ಏಟು ಬಿಟ್ಟದ್ದಲ್ಲ, ಮಾಡಿದ್ದು. ಬಡವಿಯನ್ನೂ ಮೊದಲ ಬಸುರಿಯನ್ನೂ ಹೊಡೆಯುವ ಕೈಯು ಅಧಿಕಾರಿಯ ಹೆಂಡತಿಯ ಮೇಲೆ ಏಳುವದಿಲ್ಲ. ಎಷ್ಟೇ ದಣಿದಿದ್ದರೂ ಅಲ್ಲಿ ತಡೆಯುತ್ತದೆ. ತಡೆಯಲು ಬಲವಿದ್ದದ್ದು ಇದರಿಂದ ಗೊತ್ತಾಗುತ್ತದೆ. ಏಟು ಹಾಕಿದರೆ ಹೆಣ್ಣು ಚೆನ್ನಾಗಿ ಮುಕ್ಕುತ್ತಾಳೆ, ಕೂಸಿನ ಹಿತಕ್ಕಾಗಿಯೇ ಹೊಡೆದೆವು ಎಂದು ಕೆಲವರು ವಾದಿಸುತ್ತಾರೆ. ಇದು ಸುಳ್ಳು. ಹೆದರಿದ ದೇಹವು ಬಿಗಿಯುತ್ತದೆ, ತೆರೆಯುವದಿಲ್ಲ. ಅದಲ್ಲದೆ ಆ ಏಟಿನ ಫಲವು ಮುಂದಿನ ಹೆರಿಗೆಯ ತನಕ ಹೋಗಿ ಮುಟ್ಟುತ್ತದೆಂಬದನ್ನು ಮೇಲೆ ಹೇಳಿದ್ದೇನೆ.

ಆದರೆ ತಪ್ಪು ಅವಳದೆಂದು ಹೇಳಿ ಮುಗಿಸಿದರೆ ನಾವೂ ತಪ್ಪುವೆವು. ತಪ್ಪನ್ನು ಒಪ್ಪುವ ಕಾರ್ಯವು ಎಷ್ಟು ಕಠಿಣವೆಂಬದಕ್ಕೆ ವಿಯೆನ್ನಾ ಪಟ್ಟಣದ ಕಥೆಯನ್ನು ಕೇಳಿರಿ. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡು ಇದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯ ಕೆಲಸವನ್ನು ಕಲಿಯುವ ಹೆಂಗಸರು. ೧೮೪೬ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ೧೧ಕ್ಕಿಂತ ಹೆಚ್ಚು ತಾಯಂದಿರು ಸತ್ತರು. ಹೆಂಗಸರ ವಿಭಾಗದಲ್ಲಿ ೩ಕ್ಕಿಂತ ಕಡಿಮೆ. ಬಸುರಿಯರು ಮೊದಲನೆಯದಕ್ಕೆ ತಮ್ಮನ್ನು ಕಳುಹಿಸಬೇಡಿರೆಂದು ಕಾಲು ಹಿಡಿಯುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ವೈದ್ಯನು ೧೮೪೭ರಲ್ಲಿ ಇದರ ಕಾರಣವನ್ನು ಕಂಡನು. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದ ಕೈಗಳಿಂದಲೇ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಹೆಣದ ಮನೆಯ ಕೆಲಸವಿರಲಿಲ್ಲ. ಕ್ಲೋರಿನ್ ಬೆರಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಟ್ಟಳೆ ಮಾಡಲು, ಮರುವರುಷ ಸಾವು ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರಲ್ಲಿ ಬಹು ಮಂದಿ ಒಪ್ಪಲಿಲ್ಲ. ಒಪ್ಪಿದರೆ ತಮ್ಮ ಕೈಯೇ ಕೊಂದಿತೆಂದು ಒಪ್ಪಬೇಕಾಗಿತ್ತು. ಸೆಮ್ಮೆಲ್‌ವೈಸನು ಮಾತ್ರ, ತನ್ನ ಕೈಯಿಂದ ಎಷ್ಟೋ ಮಂದಿ ಅಕಾಲದಲ್ಲಿ ಸಮಾಧಿಗೆ ಹೋದರೆಂದು ತಾನೇ ಬರೆದನು. ೧೮೬೫ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ಸತ್ತನು. ಒಳ್ಳೆಯ ಮನಸ್ಸಿನಿಂದ ದುಡಿಯುವವರೇ ತಪ್ಪನ್ನು ನೋಡಲು ಹೆಚ್ಚಾಗಿ ಅಂಜುತ್ತಾರೆ. ಯಾಕಂದರೆ ಅವರಿಗೆ ಕಳಕೊಳ್ಳುವದು ಹೆಚ್ಚು.

ಇನ್ನು ಹಣದ ಮಾತು. ಇಲ್ಲಿ ನಮ್ಮ ಕೈಗಳೂ ತೊಳೆದ ಕೈಗಳಲ್ಲ. ಗಂಡು ಹುಟ್ಟಿತೆಂದು ಕೇಳಿದ ಅಜ್ಜನು ಯಾರೂ ಕೇಳುವ ಮೊದಲೇ ನೋಟನ್ನು ಬೀಸುತ್ತಾನೆ; ಹೆಣ್ಣೆಂದರೆ ಮುಖವನ್ನು ಜೋತುಬಿಟ್ಟು ಬೀಡಿ ಸೇದಲು ಹೋಗುತ್ತಾನೆ. ಆಯಾ ಇದನ್ನು ನೋಡಿ ದರವನ್ನು ಕಲಿತಳು. ಸಂತೋಷದಿಂದ ಕೊಟ್ಟ ಸಕ್ಕರೆಯನ್ನು ತೆಗೆದುಕೊಳ್ಳುವದು ಪಾಪವಲ್ಲ. ಆದರೆ ಪಕ್ಕದ ಮಂಚದ ಬಡವಿಯು ಅದನ್ನು ನೋಡಿ, ತನ್ನ ಕೂಸನ್ನು ತೋರಿಸಲಿಕ್ಕೂ ಕೊಡಬೇಕೇನೋ ಎಂದು ಸೆರಗಿನ ಗಂಟನ್ನು ಮುಟ್ಟಿಕೊಂಡರೆ, ಅದು ಸಕ್ಕರೆಯಾಗಿ ಉಳಿಯಲಿಲ್ಲ, ಲಂಚವಾಯಿತು. ನನ್ನ ತಂಗಿಯು ಆಸ್ಪತ್ರೆಯಲ್ಲಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವದಿಲ್ಲ. ಇದರಿಂದ ಸಂಗಡಿಗರಲ್ಲಿ ಅವಳಿಗೆ ಗರ್ವಿಯೆಂಬ ಹೆಸರು ಬಂದಿದೆ. ಆಯಾಳ ಸಂಬಳವು ಅವಳದರ ಕಾಲು ಪಾಲೂ ಇಲ್ಲದಿರುವದರಿಂದ, ಆಯಾಳಿಗೆ ಬುದ್ಧಿ ಹೇಳಲು ತನಗೆ ನಾಲಿಗೆ ಏಳುವದಿಲ್ಲವೆಂದೂ ಅವಳು ಹೇಳುತ್ತಾಳೆ. ನಾನೂ ಇದಕ್ಕೆ ಸುಲಭವಾದ ಉತ್ತರವನ್ನು ಕಾಣೆನು.

ಹೆಣ್ಣು ಕೂಸಿನ ವಿಷಯದಲ್ಲಿ ದಾದಿಯ ಮೇಲೆ ಬೀಳುವ ಒತ್ತಾಯವು ಹಣದ್ದಕ್ಕಿಂತ ಭಾರವಾದದ್ದು. ಐಗುಪ್ತದ ಅರಸನು ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರಿಗೆ ಗಂಡು ಕೂಸುಗಳನ್ನು ಕೊಲ್ಲಿರೆಂದು ಹೇಳಿದ್ದನ್ನೂ, ಅವರು ದೇವರಿಗೆ ಭಯಪಟ್ಟು ಹಾಗೆ ಮಾಡದೆ ಇದ್ದದ್ದನ್ನೂ ನೀವು ಬಲ್ಲಿರಿ. ಆ ಅರಸನ ಹೆಸರನ್ನು ವೇದವು ಹೇಳುವದಿಲ್ಲ, ಈ ಇಬ್ಬರು ಕೆಲಸದವರ ಹೆಸರುಗಳನ್ನು ಹೇಳುತ್ತದೆ. ನಮ್ಮಲ್ಲಿ ಅಪ್ಪಣೆಯು ಅರಸನಿಂದ ಬರುವದಿಲ್ಲ, ಅತ್ತೆಮಾವಂದಿರ ಮೌನದಿಂದ ಬರುತ್ತದೆ. ಗಂಡಿನ ಮೇಲಲ್ಲ, ಹೆಣ್ಣಿನ ಮೇಲೆ. ಹುಟ್ಟುವ ಮುಂಚೆ ಲಿಂಗವನ್ನು ತಿಳಿಸಬಾರದೆಂದು ೧೯೯೪ರ ಕಾನೂನು ಇದೆ. ಹುಟ್ಟಿದ ಮೇಲೆ ತಿಳಿಸುವದು ದಾದಿಯ ಪಾಲಿಗೆ ಬರುತ್ತದೆ. ಕೂಸನ್ನು ತಾಯಿಯ ಮುಂದೆ ಎತ್ತಿ ಹಿಡಿದು, ಏನು ಹುಟ್ಟಿದೆ ನೀನೇ ನೋಡಿ ಹೇಳಮ್ಮಾ ಎಂದು ಕೇಳುವದು ಅಲ್ಲಿಯ ಪದ್ಧತಿ. ಮೂರನೆಯ ಹೆಣ್ಣನ್ನು ಹೆತ್ತವಳು ಆಗ ಕಣ್ಣು ಮುಚ್ಚುವದುಂಟು. ಅಂಥ ಹೊತ್ತಿನಲ್ಲಿ ನನ್ನ ತಂಗಿಯು ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿ, ಕೂಸಿನ ತೂಕವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾಳಂತೆ. ಎರಡೂ ಮುಕ್ಕಾಲು ಕಿಲೋ, ಮೂರು ಕಿಲೋ. ತೂಕವನ್ನು ಕೇಳಿದ ತಾಯಿಯು ಕಣ್ಣು ತೆರೆಯುತ್ತಾಳೆ.

ಅವಳಿಗೆ ದೊರೆಯುವ ಸಂಬಳದಲ್ಲಿ ಇದೂ ಒಂದು. ತಿಂಗಳ ಕೊನೆಯಲ್ಲಿ ಬರುವದನ್ನು ನಾನು ಹೀನವಾಗಿ ಎಣಿಸುವದಿಲ್ಲ. ಅದರಿಂದಲೇ ನನ್ನ ತಂಗಿಯ ಮಕ್ಕಳು ಓದಿದ್ದಾರೆ. ಸೇವೆಯೆಂಬ ದೊಡ್ಡ ಮಾತನ್ನು ಹೇಳಿ ಕೂಲಿಯನ್ನು ಕಡಿಮೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದಾಗ್ಯೂ ಒಂದು ರಾತ್ರಿ ತಾಯಿಯೊಬ್ಬಳು ಕೈಯಲ್ಲಿಯೇ ಸತ್ತು, ಮುಖವನ್ನು ತೊಳೆದುಕೊಂಡು ಹತ್ತು ನಿಮಿಷದಲ್ಲಿ ಮುಂದಿನ ಮಂಚಕ್ಕೆ ಹೋಗಿ ನಗುಮುಖದಿಂದ ಮಾತಾಡಬೇಕಾದವಳನ್ನು ಹಣವೊಂದೇ ಮರುರಾತ್ರಿ ಅಲ್ಲಿಗೆ ಕರತರಲಾರದು. ಯಾತಕ್ಕೆ ಹೋಗುತ್ತೀ ಎಂದು ಕೇಳಿದೆನು. ಕೂಸು ಅತ್ತ ಮೇಲೆ ಕೋಣೆಯಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ, ಅದಕ್ಕೆ ಎಂದಳು.

ಕೇಂದ್ರ ಸರಕಾರವು ೨೦೧೮ರಲ್ಲಿ ಹೆರಿಗೆಯ ಕೆಲಸಕ್ಕಾಗಿಯೇ ದಾದಿಯರನ್ನು ೧೮ ತಿಂಗಳು ಕಲಿಸಿ ನಿಲ್ಲಿಸುವ ಕ್ರಮವನ್ನು ಗೊತ್ತುಮಾಡಿತು. ಹೆರುವವಳ ಮರ್ಯಾದೆಯನ್ನು ಕಾಯುವದು ಆ ಕಲಿಕೆಯ ಒಂದು ಭಾಗ. ಅದು ನಮ್ಮ ಹೋಬಳಿಗೆ ಮುಟ್ಟಲು ಕಾಲ ಬೇಕು. ಆದರೆ ಹೆರುವವಳ ಸಂಗಡ ಅವಳ ಕಡೆಯ ಒಬ್ಬ ಹೆಂಗಸು ಹೆರಿಗೆಯ ಕೋಣೆಯಲ್ಲಿ ಇರಬಹುದೆಂದು ಸರಕಾರವು ೨೦೧೬ರಲ್ಲಿಯೇ ಒಪ್ಪಿದೆ. ಇದನ್ನು ಬಲ್ಲವರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಪಕ್ಕದಲ್ಲಿ ಕೈ ಹಿಡಿಯುವವಳು ಇದ್ದರೆ ಹುಡುಗಿಯು ಮಂಚದಿಂದ ಇಳಿಯುವದಿಲ್ಲ, ನೋಡುವವಳು ಇದ್ದರೆ ದಾದಿಯ ಕೈಯೂ ತಡೆಯುತ್ತದೆ.

ಇದನ್ನೇ ಹೋಗಿ ಆ ಹಿರಿಯರಿಗೆ ಹೇಳಿದೆನು. ಅವರ ಚಿಕ್ಕ ಸೊಸೆಯೂ ಈಗ ಏಳು ತಿಂಗಳ ಬಸುರಿ. ಹಿಂದಿನ ಸಲ ಎತ್ತಿನ ಜಾತ್ರೆಗೆ ಹೋದಂತೆ ಹದಿನಾಲ್ಕು ಮಂದಿ ಆಸ್ಪತ್ರೆಗೆ ಹೋಗಿ ವರಾಂಡದಲ್ಲಿ ಗದ್ದಲ ಮಾಡಿದ್ದನ್ನು ಅವರು ತಾವಾಗಿಯೇ ಒಪ್ಪಿಕೊಂಡರು. ಈ ಸಲ ತಮ್ಮ ಹೆಂಡತಿಯೊಬ್ಬಳನ್ನೇ ಒಳಗೆ ಕಳುಹಿಸುವೆವೆಂದರು. ದಾದಿಯನ್ನು ಹರಸಬೇಕೋ ಶಪಿಸಬೇಕೋ ಎಂಬದನ್ನು ಮತ್ತೆ ಕೇಳಲಿಲ್ಲ. ನಾನು ಎದ್ದು ಹೊರಡುವಾಗ ಮಾತ್ರ, "ಹೆಣ್ಣಾದರೂ ಆಯಾಳಿಗೆ ಸಕ್ಕರೆ ಕೊಡಬಹುದಲ್ಲವೇ, ಉಪದೇಶಿಗಳೇ? ಮನೆಗೆ ಬಂದ ಮೇಲೆ, ನಾವಾಗಿಯೇ?" ಎಂದು ಕೇಳಿದರು. ಕೊಡಬಹುದು, ಆ ದಿನ ಆ ಕೋಣೆಯಲ್ಲಿ ಹೆತ್ತವರೆಲ್ಲರಿಗೂ ಸಾಲುವಷ್ಟು ಒಯ್ಯಿರಿ ಎಂದು ಹೇಳಿ ಬಂದೆನು.